ಬಿಡುಗಡೆಯಾದವರ ಬೆಂಬಲಕ್ಕೆ ನಿಲ್ಲೋಣ



ಮನುಷ್ಯರ ಕ್ರಯವಿಕ್ರಯವನ್ನು ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ್ದರೂ, ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನೂ, ಮುಂಗಡ ಕೊಟ್ಟು ಇಡಿಯ ಸಂಸಾರಗಳನ್ನೂ, ಓದಿಸುವೆವೆಂದು ನಂಬಿಸಿ ಎಳೆಯರನ್ನೂ ಊರು ಬಿಡಿಸಿ ಒಯ್ಯುವವರು ಇಂದಿಗೂ ಇದ್ದಾರೆ; ಹಾಗೆ ಒಯ್ಯುವವರು ಎಷ್ಟೋ ವೇಳೆ ಪರಿಚಿತರೇ, ಬಂಧುಗಳೇ ಆಗಿರುವುದರಿಂದ, ಅವರ ಸುಳಿವು ಪೋಲೀಸರಿಗಿಂತ ಮೊದಲು ನೆರೆಹೊರೆಯವರಿಗೆ ಸಿಕ್ಕುವುದು ಸಹಜ.

ಆದುದರಿಂದಲೇ ನಮ್ಮ ಶಾಸನಗಳು ಇದನ್ನು ತಡೆಯುವ ಹೊಣೆಯನ್ನು ಅಧಿಕಾರಿಗಳಿಗೆ ಮಾತ್ರ ಒಪ್ಪಿಸಿ ಕೈತೊಳೆದುಕೊಂಡಿಲ್ಲ. ಅನೈತಿಕ ವ್ಯವಹಾರವನ್ನು ತಡೆಯುವ 1956ರ ಕಾಯಿದೆಯು ವಿಶೇಷ ಪೋಲೀಸ್ ಅಧಿಕಾರಿಗೆ ಸಲಹೆ ನೀಡಲು ಸ್ಥಳೀಯ ಸಮಾಜಸೇವಕರ ಮಂಡಲಿಗೆ ಅವಕಾಶ ಕಲ್ಪಿಸಿದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಜಿಲ್ಲೆಯ ಜಾಗೃತಿ ಸಮಿತಿಯಲ್ಲಿ ಆ ಜಿಲ್ಲೆಯ ನಿವಾಸಿಗಳಾದ ಇಬ್ಬರು ಸಮಾಜಸೇವಕರಿಗೆ ಸ್ಥಾನವನ್ನೇ ಮೀಸಲಿರಿಸಿದೆ.

ಈ ಸ್ಥಾನವು ಕೇವಲ ಗೌರವಾರ್ಥವಾದುದಲ್ಲ. ದಾಳಿ ನಡೆಸಿ ಬಾಗಿಲು ತೆರೆಯಿಸುವುದು ಪೋಲೀಸರ ಕೆಲಸ. ಆದರೆ ಭಯದಿಂದ ಬಾಯಿಗಟ್ಟಿದ ಬಾಲೆಯಲ್ಲಿ ವಿಶ್ವಾಸ ಮೂಡಿಸುವುದು, ಆಕೆಯನ್ನು ಮಾರಿದವರು ಮನೆಯವರೇ ಆಗಿರಬಹುದೆಂಬುದನ್ನು ಮರೆಯದೆ ತವರಿನ ಪರಿಸ್ಥಿತಿಯನ್ನು ಪರಾಮರ್ಶಿಸುವುದು, ಮೊಕದ್ದಮೆ ಮುಗಿಯುವವರೆಗೆ ನ್ಯಾಯಾಲಯಕ್ಕೆ ಜತೆಯಾಗಿ ನಡೆಯುವುದು, ಜೀತವಿಮುಕ್ತನಿಗೆ ಬಿಡುಗಡೆ ಪತ್ರ ದೊರಕಿಸಿ, ಜೀತಕ್ಕೆ ಕಾರಣವಾದ ಸಾಲವು ಕಾನೂನಿನಂತೆ ತೀರಿಹೋಯಿತೆಂದು ತಿಳಿಹೇಳಿ, ಜೀವನೋಪಾಯಕ್ಕೊಂದು ದಾರಿ ತೋರಿಸುವುದು, ಇವೆಲ್ಲ ತಾಳ್ಮೆಯುಳ್ಳ ಸಮಾಜಸೇವಕರಿಂದಲೇ ಆಗತಕ್ಕ ಕಾರ್ಯಗಳು. ಇವು ನಡೆಯದೆ ಹೋದಲ್ಲಿ, ಆಶ್ರಯವಿಲ್ಲದ ಜೀವವು ಅದೇ ದಲ್ಲಾಳಿಯ ಕೈಗೆ ಮರಳಿ ಬೀಳುವುದು.

ಆದಕಾರಣ, ವಿಶ್ರಾಂತ ಉಪಾಧ್ಯಾಯರೆ, ವಕೀಲರೆ, ಮಹಿಳಾ ಸಮಾಜದ ಸೋದರಿಯರೆ, ನಿಮ್ಮ ಜಿಲ್ಲೆಯ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ, ಅದು ಸಭೆ ಸೇರುತ್ತಿದೆಯೆ ಎಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ. ಶಕ್ತಿಯಿದ್ದಲ್ಲಿ ನಿಮ್ಮ ಸೇವೆಯನ್ನು ಅರ್ಪಿಸಿರಿ. ಇಟ್ಟಿಗೆ ಗೂಡಿನಲ್ಲಿಯೋ ಮನೆಗೆಲಸದಲ್ಲಿಯೋ ಬಂಧಿತವಾದ ಮಗುವನ್ನು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಬಿಡುಗಡೆ ಹೊಂದಿ ಊರಿಗೆ ಮರಳಿದವಳ ಗತವನ್ನು ಕೆದಕದೆ ಆಕೆಗೆ ಕೆಲಸವನ್ನೂ ನೆರೆಹೊರೆಯ ಆಸರೆಯನ್ನೂ ಕೊಡಿರಿ. ಕಳಂಕವು ಮಾರಿದವನದು, ಕೊಂಡವನದು. ಮಾರಾಟಕ್ಕೊಳಗಾದವಳದು ಎಂದಿಗೂ ಅಲ್ಲ.