ಹೆಸರಿಗೆ ತಕ್ಕ ಪೊಟ್ಟಣ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರಿಗೊಂದು ವಿಶ್ಲೇಷಣೆ



ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆಗೆ 2019ರ ಮಾರ್ಚ್‌ನಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ದೊರೆಯಿತು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಇದನ್ನು ನೋಂದಾಯಿಸಿತು. ದುಂಡಗೆ, ನಾಣ್ಯದಂತೆ ತುಸು ಚಪ್ಪಟೆಯಾಗಿ, ಸರಾಸರಿ 7.5 ಗ್ರಾಂ ಒಣತೂಕವಿರುವ ಅಡಿಕೆ ಈ ಸೀಮೆಯ ವೈಶಿಷ್ಟ್ಯವೆಂದು ಅಧಿಕೃತವಾಗಿ ದಾಖಲಾಗಿದೆ.

ಆದರೂ ಚಾಲಿ, ರಾಶಿ, ಬೆಟ್ಟೆ ಎಂಬ ದರ್ಜೆಗಳ ಮೇಲೆ ಚೀಲದಲ್ಲಿ ಮಾರಾಟವಾದ ಅಡಿಕೆಯು ಮಂಡಿಯನ್ನು ದಾಟಿದೊಡನೆ ಊರಿನ ಗುರುತನ್ನು ಕಳೆದುಕೊಳ್ಳುತ್ತದೆ. ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು, ಜೇನುತುಪ್ಪಗಳನ್ನು ಹೆಸರಿಲ್ಲದ ಕೊಟ್ಟೆಯಲ್ಲಿ ಕಟ್ಟಿ ಕೊಟ್ಟಾಗಲೂ ಇದೇ ಆಗುತ್ತದೆ. ನೆರೆಯ ಗ್ರಾಹಕನಿಗೆ ನಿಮ್ಮ ಮುಖಪರಿಚಯವೇ ಭರವಸೆ. ದೂರದ ನಗರದ ಗ್ರಾಹಕನೊಡನೆ ಪೊಟ್ಟಣವೊಂದೇ ಮಾತನಾಡಬೇಕು. ಆ ಮಾತು ಸ್ಪಷ್ಟವೂ ಸತ್ಯವೂ ಆಗಿದ್ದಲ್ಲಿ ಮಾತ್ರ ಹೆಸರಿನ ಬೆಲೆಯ ಒಂದು ಪಾಲು ಬೆಳೆಗಾರನ ಕೈಸೇರುತ್ತದೆ.

ಹೆಸರು ಬಳಸುವ ಹಕ್ಕು

ಜಿ.ಐ. ಇರುವ ಪ್ರದೇಶದಲ್ಲಿ ತೋಟವಿದ್ದ ಮಾತ್ರಕ್ಕೆ ಜಿ.ಐ. ಚಿಹ್ನೆಯನ್ನು ಮುದ್ರಿಸಲಾಗದು. 1999ರ ಕಾಯ್ದೆಯಂತೆ ಬೆಳೆಗಾರರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. 2020ರ ತಿದ್ದುಪಡಿಯಲ್ಲಿ ಇದರ ಅರ್ಜಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಗಿದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮಮಟ್ಟದಲ್ಲಿ ಈ ಅರ್ಜಿಗಳನ್ನು ತುಂಬಿಸಲು ನೆರವಾಗುವುದು ಅಪೇಕ್ಷಣೀಯ.

ಗ್ರಾಹಕನ ಸಂದೇಹಕ್ಕೆ ಲೇಬಲ್ಲಿನಲ್ಲಿ ಉತ್ತರ

ಬಣ್ಣದ ಚಿತ್ರವು ಗ್ರಾಹಕನ ಕೈಯನ್ನು ಒಮ್ಮೆ ಸೆಳೆಯಬಹುದು. ಆತ ಮತ್ತೆ ಬರುವುದು ಸಂದೇಹ ಪರಿಹಾರವಾದಾಗ. ಕೆಲವು ಉದಾಹರಣೆಗಳನ್ನು ಗಮನಿಸಿ:

1. ಜೇನುತುಪ್ಪವು ಚಳಿಯಲ್ಲಿ ಹರಳುಗಟ್ಟಿದರೆ ನಗರದ ಗ್ರಾಹಕನು ಸಕ್ಕರೆ ಬೆರಕೆಯೆಂದು ಶಂಕಿಸುತ್ತಾನೆ. ‘ಹರಳುಗಟ್ಟುವುದು ಸಹಜ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ’ ಎಂಬ ಒಂದು ಸಾಲು ಸಾಕು.
2. ಜೋನಿಬೆಲ್ಲದ ತಳದಲ್ಲಿ ಕೂರುವ ಹರಳಿನ ಬಗೆಗೂ ಇಂಥದೇ ವಿವರಣೆ ಇರಲಿ. ದೋಸೆಯೊಡನೆ ಸವಿಯುವ ರೂಢಿಯನ್ನೂ ತಿಳಿಸಿ.
3. ಮುರುಗಲಿನ ಸಿಪ್ಪೆಯನ್ನು ಎಷ್ಟು ಹೊತ್ತು ನೆನೆಸಬೇಕು, ಅದಕ್ಕೆ ಉಪ್ಪು ಬೆರೆಸಿದೆಯೇ ಎಂಬುದನ್ನು ನಮೂದಿಸಿ.
4. ಅಪ್ಪೆಮಿಡಿಯ ಬೆಲೆ ಅದರ ಪರಿಮಳದಲ್ಲಿದೆ. ಮಿಡಿಯ ತಳಿ, ಕೊಯ್ದ ಹಂಗಾಮು ಮತ್ತು ಊರಿನ ಹೆಸರನ್ನು ಮುಂಬದಿಯಲ್ಲೇ ಮುದ್ರಿಸಿ.

ಕನ್ನಡದ ಹೆಸರು ದೊಡ್ಡ ಅಕ್ಷರಗಳಲ್ಲಿರಲಿ. ಹೊರರಾಜ್ಯದ ಮಾರಾಟಕ್ಕೆ ಇಂಗ್ಲಿಷ್ ಅಥವಾ ಹಿಂದಿಯ ವಿವರ ಜೊತೆಗಿರಲಿ. ಮೊದಲ ಬಾರಿಗೆ ಕೊಳ್ಳುವವರಿಗಾಗಿ ಸಣ್ಣ ಗಾತ್ರದ ಪೊಟ್ಟಣವೂ ದೊರೆಯುವಂತಿರಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಹಪ್ಪಳ ಬೇಗ ಮೆತ್ತಗಾಗುವುದರಿಂದ ಗಾಳಿಯಾಡದ, ಮತ್ತೆ ಮುಚ್ಚಬಹುದಾದ ಪೊಟ್ಟಣ ಸೂಕ್ತ.

ಕಡ್ಡಾಯ ವಿವರಗಳು

ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ಮತ್ತು ಬಳಕೆಯ ಕೊನೆಯ ದಿನಾಂಕ, ತಂಡದ ಸಂಖ್ಯೆ, ತಯಾರಕರ ವಿಳಾಸ, ಸಸ್ಯಾಹಾರದ ಚಿಹ್ನೆ ಹಾಗೂ 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಸಂಖ್ಯೆಗಳು ಓದಲು ಬರುವಂತಿರಬೇಕು. ಇವುಗಳ ಸ್ಥಳವನ್ನು ಮೊದಲೇ ನಿಗದಿಪಡಿಸಿ, ಆನಂತರ ಅಲಂಕಾರವನ್ನು ಯೋಚಿಸುವುದು ಕ್ರಮ.

ಅಡಿಕೆಯ ವಿಷಯದಲ್ಲಿ ವಿಶೇಷ ಎಚ್ಚರ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಗಿಯುವ ಸುಪಾರಿಯ ಪೊಟ್ಟಣದ ಮೇಲೆ ಆರೋಗ್ಯ ಎಚ್ಚರಿಕೆ ಕಡ್ಡಾಯ. ನಮ್ಮ ಬದುಕೇ ಈ ಬೆಳೆಯನ್ನು ಅವಲಂಬಿಸಿದೆಯೆಂದು ಆ ಸಾಲನ್ನು ಮೂಲೆಗೆ ತಳ್ಳುವುದು ಸಲ್ಲದು. ಮಕ್ಕಳನ್ನು ಸೆಳೆಯುವ ಚಿತ್ರ, ಮಿಠಾಯಿಯಂಥ ಹೊದಿಕೆ, ಔಷಧಗುಣದ ಹೇಳಿಕೆಗಳನ್ನು ಸಂಪೂರ್ಣವಾಗಿ ವರ್ಜಿಸಿ. ಪೊಟ್ಟಣವನ್ನು ಆಕರ್ಷಕಗೊಳಿಸುವ ಪ್ರಯತ್ನವನ್ನು ಬೆಲ್ಲ, ಹಪ್ಪಳ, ಉಪ್ಪಿನಕಾಯಿಗಳತ್ತ ಹರಿಸುವುದೇ ವಿವೇಕ. ಒಂದೇ ಬೆಳೆಯನ್ನು ನೆಚ್ಚಿದ ತೋಟಕ್ಕೆ ಇದು ಎರಡನೆಯ ಆದಾಯವೂ ಆಗಬಲ್ಲದು.

ಅಡಿಕೆ ಹಾಳೆಯಿಂದ ಪೆಟ್ಟಿಗೆ ತಯಾರಿಸುವ ಯೋಚನೆ ಸಹಜವೇ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆಯ ತಟ್ಟೆಗಳು ಆಹಾರ ಸಂಪರ್ಕಕ್ಕೆ ಸುರಕ್ಷಿತವಲ್ಲವೆಂದು ಪ್ರಕಟಿಸಿದೆ. ಆದ್ದರಿಂದ ಹಾಳೆಯನ್ನು ಆಹಾರಕ್ಕೆ ತಾಗದ ಹೊರ ಹೊದಿಕೆಯಾಗಿ ಮಾತ್ರ ಬಳಸುವುದು ಲೇಸು.

ಕೊನೆಯದಾಗಿ, ಮುದ್ರಣಕ್ಕೆ ಕೊಡುವ ಮುನ್ನ ಮಾದರಿ ಪೊಟ್ಟಣವನ್ನು ನಿಮ್ಮ ಪದಾರ್ಥವನ್ನು ಎಂದೂ ಕಾಣದ ಐವರ ಕೈಗಿಡಿ. ‘ಇದೇನು, ಎಲ್ಲಿಯದು, ಹೇಗೆ ಬಳಸುವುದು?’ ಎಂದು ಕೇಳಿ. ಅವರು ಪೊಟ್ಟಣವನ್ನು ಓದಿಯೇ ಉತ್ತರಿಸಿದರೆ ಮುದ್ರಿಸಿ. ನಿಮ್ಮನ್ನು ಕೇಳಿದರೆ ತಿದ್ದಿ. ಸಂಸ್ಕರಣೆ ಮತ್ತು ಲೇಬಲ್ಲಿನ ಕುರಿತ ಮಾರ್ಗದರ್ಶನಕ್ಕೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.