ಹೊಳಪಿಗಿಂತ ಮೊದಲು ಹೊಂದಿಕೆ: ಹಳೆಯ ಕಾರುಗಳ ಪುನರುಜ್ಜೀವನದ ಲೆಕ್ಕಾಚಾರ

ಹಳೆಯ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಕೆಲಸವನ್ನು ಶ್ರೀಮಂತರ ಹವ್ಯಾಸವೆಂದು ಪರಿಗಣಿಸಿ ಬದಿಗಿರಿಸುವುದು ವ್ಯಾಪಾರಿ ವಲಯದಲ್ಲಿ ರೂಢಿಯಾಗಿದೆ. ಹವ್ಯಾಸವು ಶ್ರೀಮಂತರದ್ದಾಗಿರಬಹುದು, ಆದರೆ ಅದಕ್ಕಾಗಿ ವೆಚ್ಚವಾಗುವ ಹಣವು ಬಂದು ಸೇರುವುದು ಟಿಂಕರಿಂಗ್ ಶೆಡ್ಡಿಗೆ, ಎಲೆಕ್ಟ್ರೋಪ್ಲೇಟಿಂಗ್ ಘಟಕಕ್ಕೆ, ಬಫಿಂಗ್ ಮಾಡುವ ಕುಶಲಕರ್ಮಿಗೆ, ರಬ್ಬರ್ ಬೀಡಿಂಗ್ ತಯಾರಕನಿಗೆ ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ. ಅಂದರೆ ಇದು ಮೂಲತಃ ಸಣ್ಣ ಉದ್ಯಮಿಗಳ ವ್ಯವಹಾರ. ಹೀಗಿದ್ದರೂ ಈ ಕಸುಬಿನಲ್ಲಿ ಲಾಭ ಉಳಿಯುವುದು ವಿರಳ, ಮಾಲೀಕನಿಗೂ ಗ್ಯಾರೇಜಿಗೂ ನಡುವೆ ಮನಸ್ತಾಪ ಉಳಿಯುವುದು ಸಾಮಾನ್ಯ. ಇದಕ್ಕೆ ಕಾರಣ ಕೌಶಲದ ಕೊರತೆಯಲ್ಲ. ಕೆಲಸದ ಕ್ರಮ ಮತ್ತು ಲೆಕ್ಕದ ಕ್ರಮ ಎರಡೂ ತಲೆಕೆಳಗಾಗಿರುವುದೇ ಮುಖ್ಯ ಕಾರಣ.

ಭಾರತದ ಮಟ್ಟಿಗೆ ಈ ಕೆಲಸದ ಸುಪರಿಚಿತ ಉದಾಹರಣೆಗಳೆಂದರೆ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿದ ಅಂಬಾಸಿಡರ್, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಇಟಲಿಯ ಫಿಯಟ್ 1100 ಮಾದರಿಯನ್ನು ಆಧರಿಸಿದ ಪದ್ಮಿನಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ನಿವೃತ್ತಿಯಾದವು. ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಾಗಿಲ ಹಿಡಿಕೆಗೂ ಬಂಪರಿಗೂ ದಿನನಿತ್ಯದ ಗಿರಾಕಿ ಇದ್ದರು. ಇನ್ನು ಮುಂದೆ ಉಳಿಯುವ ಗಿರಾಕಿ ಎಂದರೆ ಹಳೆಯ ಕಾರನ್ನು ಅಭಿಮಾನದಿಂದ ಇಟ್ಟುಕೊಂಡವನು ಮಾತ್ರ. ಅವನ ಸಂಖ್ಯೆ ಕಡಿಮೆ, ನಿರೀಕ್ಷೆ ಹೆಚ್ಚು.

ಹೊಂದಿಕೆಯೇ ಮೊದಲು

ಹಳೆಯ ಕಾರನ್ನು ಕೊಂಡ ಮಾಲೀಕನ ದೃಷ್ಟಿ ಮೊದಲು ಬೀಳುವುದು ಮಸುಕಾದ ಕ್ರೋಮ್ ಪಟ್ಟಿಯ ಮೇಲೆ. ಬಂಪರ್, ಗ್ರಿಲ್, ಹಿಡಿಕೆಗಳನ್ನು ಕಳಚಿ ಪ್ಲೇಟಿಂಗಿಗೆ ಕಳುಹಿಸುವುದೇ ಅವನ ಮೊದಲ ಖರ್ಚಾಗಿರುತ್ತದೆ. ಇದು ಕೊನೆಯಲ್ಲಿ ಮಾಡಬೇಕಾದ ಖರ್ಚು. ಬಾಗಿಲು, ಬಾನೆಟ್, ಡಿಕ್ಕಿ ಮತ್ತು ಮಡ್‌ಗಾರ್ಡುಗಳು ಪರಸ್ಪರ ಸರಿಯಾಗಿ ಹೊಂದಿ ಕುಳಿತುಕೊಳ್ಳುವ ಮುನ್ನ ಹೊಳಪಿಗೆ ಹಾಕಿದ ಹಣ ಎರಡನೆಯ ಬಾರಿಯೂ ಖರ್ಚಾಗುತ್ತದೆ. ಏಕೆಂದರೆ ಹೊಸದಾಗಿ ಪ್ಲೇಟಿಂಗ್ ಆದ ಪಟ್ಟಿ ಕೂರದಿದ್ದಾಗ ಅದನ್ನು ಬಗ್ಗಿಸಬೇಕಾಗುತ್ತದೆ. ಬಗ್ಗಿಸಿದರೆ ಲೇಪ ಬಿರಿಯುತ್ತದೆ.

ಅಂಬಾಸಿಡರ್ ಮತ್ತು ಪದ್ಮಿನಿ ಎರಡಕ್ಕೂ ಪ್ರತ್ಯೇಕ ಛಾಸಿಸ್ ಚೌಕಟ್ಟು ಇಲ್ಲ. ತಗಡಿನ ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಆದ್ದರಿಂದ ಬಾಗಿಲಿನ ಕೆಳಗಿರುವ ಹೊಸ್ತಿಲಿನಂತಹ ಭಾಗ ತುಕ್ಕು ಹಿಡಿದರೆ ಬಾಡಿಯ ನಡುಭಾಗ ಕುಸಿಯುತ್ತದೆ, ಬಾಗಿಲಿನ ಮೇಲ್ಭಾಗದ ಸಂದು ಕಿರಿದಾಗುತ್ತದೆ. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಕಾರನ್ನು ಜ್ಯಾಕಿನಿಂದ ಒಂದು ಬದಿ ಎತ್ತಿ, ಸುಲಭವಾಗಿ ತೆರೆಯುತ್ತಿದ್ದ ಬಾಗಿಲು ಈಗ ಬಿಗಿಯುವುದೇ ಎಂದು ನೋಡಿದರೆ ಸಾಕು. ಬಿಗಿದರೆ ದೋಷ ಬಾಗಿಲಿನದಲ್ಲ, ಹೊಸ್ತಿಲಿನದು. ಹಾಗೆಯೇ ತೆರೆದ ಬಾಗಿಲಿನ ತುದಿಯನ್ನು ಕೈಯಿಂದ ಮೇಲಕ್ಕೆತ್ತಿದಾಗ ಅದು ಅಲುಗಿದರೆ ಕೀಲಿನ ಪಿನ್ನು ಸವೆದಿದೆ ಎಂದರ್ಥ. ಸವೆದ ಪಿನ್ನನ್ನು ಬದಲಿಸದೆ, ಬಾಗಿಲ ಕೊಂಡಿ ಸಿಕ್ಕುವ ತಗಡನ್ನು ಮಾತ್ರ ಮೇಲೆ ಕೆಳಗೆ ಸರಿಸಿ ಬಾಗಿಲು ಮುಚ್ಚುವಂತೆ ಮಾಡುವುದು ತಾತ್ಕಾಲಿಕ ಸಮಾಧಾನವಷ್ಟೇ.

ತುಕ್ಕು ಹಿಡಿದ ಹೊಸ್ತಿಲನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಯನ್ನು ಬೆಸೆದು ಅಳತೆಯನ್ನು ಕಾಯ್ದುಕೊಳ್ಳಬೇಕು. ಅನಂತರದ ಜೋಡಣೆ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಕಳಚಲಾಗದ ಹಿಂಬದಿಯ ತಗಡಿಗೆ ಹಿಂದಿನ ಬಾಗಿಲು, ಹಿಂದಿನ ಬಾಗಿಲಿಗೆ ಮುಂದಿನ ಬಾಗಿಲು, ಅದಕ್ಕೆ ಮಡ್‌ಗಾರ್ಡ್, ಕೊನೆಗೆ ಬಾನೆಟ್ ಹೊಂದಬೇಕು. ಈ ಹಂತದಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಬಣ್ಣ ಹಚ್ಚುವ ಮುನ್ನ ಹೊಸ ರಬ್ಬರ್ ಬೀಡಿಂಗ್ ಮತ್ತು ಪಟ್ಟಿಗಳನ್ನು ಒಮ್ಮೆ ಕೂರಿಸಿ ನೋಡುವುದು ಅತ್ಯಗತ್ಯ. ಹೊಸ ರಬ್ಬರ್ ದಪ್ಪವಾಗಿದ್ದು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ರಬ್ಬರ್ ಇಲ್ಲದೆ ಸರಿಯಾಗಿ ಕುಳಿತ ಬಾಗಿಲು ರಬ್ಬರ್ ಹಾಕಿದ ಮೇಲೆ ಎದ್ದು ನಿಲ್ಲುವುದು ಇದೇ ಕಾರಣಕ್ಕೆ. ಈ ಪೂರ್ವಜೋಡಣೆಗೆ ತಗಲುವ ಎರಡು ಮೂರು ದಿನಗಳ ಕೂಲಿ ಉಳಿಸಲು ಹೋಗಿ ಹೊಸ ಬಣ್ಣವನ್ನೇ ಕೆರೆದುಕೊಂಡವರು ಕಡಿಮೆಯಿಲ್ಲ.

ಇನ್ನೊಂದು ಮಾತನ್ನು ಮಾಲೀಕರಿಗೆ ಮೊದಲೇ ತಿಳಿಸಬೇಕು. ಆ ಕಾಲದ ಕಾರುಗಳ ಸಂದುಗಳು ಕಾರ್ಖಾನೆಯಿಂದ ಹೊರಬಿದ್ದ ದಿನವೂ ಇಂದಿನ ಕಾರುಗಳಷ್ಟು ಸಮನಾಗಿರಲಿಲ್ಲ. ಇಂದಿನ ಸಂದನ್ನು ಅಂದಿನ ಕಾರಿನಲ್ಲಿ ತರುತ್ತೇನೆಂದು ಮಾತು ಕೊಟ್ಟವನು ಅದನ್ನು ಪುಟ್ಟಿಯಿಂದಲೇ ತರಬೇಕಾಗುತ್ತದೆ. ದಪ್ಪ ಪುಟ್ಟಿ ಕೆಲವೇ ಮಳೆಗಾಲಗಳಲ್ಲಿ ಬಿರುಕು ಬಿಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಹೊಳಪಿನ ವೆಚ್ಚ ಎಲ್ಲಿದೆ?

ಕಾರಿನ ಹೊರಭಾಗದ ಹೊಳೆಯುವ ಭಾಗಗಳೆಲ್ಲ ಒಂದೇ ಲೋಹವಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗೆ ಪ್ಲೇಟಿಂಗ್ ಬೇಕಿಲ್ಲ. ತಗ್ಗನ್ನು ಹಿಂಬದಿಯಿಂದ ಮೃದುವಾಗಿ ತಟ್ಟಿ ಎಬ್ಬಿಸಿ, ಉಜ್ಜುಕಾಗದವನ್ನು ಒರಟಿನಿಂದ ನುಣುಪಿಗೆ ಬದಲಿಸುತ್ತ ಉಜ್ಜಿ, ಬಫ್ ಮಾಡಿದರೆ ಅದು ಮತ್ತೆ ಹೊಸದಾಗುತ್ತದೆ. ಆನೋಡೈಸ್ ಆದ ಅಲ್ಯೂಮಿನಿಯಂ ಪಟ್ಟಿಯ ಹಳೆಯ ಪೊರೆಯನ್ನು ರಾಸಾಯನಿಕವಾಗಿ ತೆಗೆದು, ಹೊಳಪು ಕೊಟ್ಟು, ಮತ್ತೆ ಆನೋಡೈಸ್ ಮಾಡಬೇಕು. ಉಕ್ಕಿನ ಬಂಪರಿಗೆ ತಾಮ್ರ, ನಿಕಲ್, ಕ್ರೋಮ್ ಎಂಬ ಕ್ರಮದಲ್ಲಿ ಲೇಪ ಬೇಕು. ಎಲ್ಲಕ್ಕಿಂತ ಕಷ್ಟದ್ದು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಿಡಿಕೆ ಮತ್ತು ಲಾಂಛನಗಳು. ಇವುಗಳ ಮೇಲ್ಮೈಯಲ್ಲಿ ಗುಳಿಗಳು ಬಿದ್ದಿರುತ್ತವೆ. ಒಂದೊಂದು ಗುಳಿಯನ್ನೂ ಶುಚಿಗೊಳಿಸಿ, ತುಂಬಿ, ಸಮ ಮಾಡಬೇಕು.

ಅಲಂಕಾರದ ಕ್ರೋಮ್ ಲೇಪದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಅಷ್ಟು ತೆಳುವಾದ ಲೇಪ ಯಾವ ಗೀರನ್ನೂ ಮುಚ್ಚುವುದಿಲ್ಲ. ಹೊಳಪು ಹುಟ್ಟುವುದು ತೊಟ್ಟಿಯಲ್ಲಿ ಅಲ್ಲ, ಅದಕ್ಕೂ ಮೊದಲು ಬಫಿಂಗ್ ಚಕ್ರದ ಮುಂದೆ. ಹೀಗಾಗಿ ತೂಕದ ಅಥವಾ ನಗದ ಲೆಕ್ಕದಲ್ಲಿ ದರ ಹೇಳುವ ಪ್ಲೇಟಿಂಗ್ ಘಟಕಕ್ಕೆ ಹಳೆಯ ಕಾರಿನ ಕೆಲಸ ಹೊರೆಯಾಗುತ್ತದೆ. ಗಂಟೆಯ ಲೆಕ್ಕದಲ್ಲಿ ದರ ಹೇಳುವ ಘಟಕಕ್ಕೆ ಅದು ಲಾಭದ ಕೆಲಸವಾಗುತ್ತದೆ. ಜೊತೆಗೆ ಅವಸರದ ಬಫಿಂಗ್ ಹಳೆಯ ಲಾಂಛನದ ಅಕ್ಷರಗಳನ್ನೇ ಅಳಿಸಿಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಒಟ್ಟು ಗುತ್ತಿಗೆ ಎಂಬ ಉರುಳು

ಈ ಕಸುಬಿನ ವೆಚ್ಚದಲ್ಲಿ ಸಾಮಗ್ರಿಯ ಪಾಲು ಚಿಕ್ಕದು, ದುಡಿಮೆಯ ಗಂಟೆಗಳ ಪಾಲು ದೊಡ್ಡದು. ಆದರೂ ಬಹುತೇಕ ಗ್ಯಾರೇಜುಗಳು ಕಾರನ್ನು ಸುತ್ತು ಹಾಕಿ ನೋಡಿ ಒಂದೇ ಮೊತ್ತ ಹೇಳುತ್ತವೆ. ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ತಗಡು ಕೆಲಸ, ಹೊಂದಿಕೆ ಮತ್ತು ಪಟ್ಟಿಗಳ ಮರುಜೋಡಣೆಗೆ 1,50,000 ರೂಪಾಯಿ ಒಪ್ಪಂದವಾಯಿತೆಂದು ಭಾವಿಸೋಣ. ಬಾಡಿಗೆ, ವಿದ್ಯುತ್ ಎಲ್ಲ ಸೇರಿ ಗಂಟೆಗೆ 300 ರೂಪಾಯಿಯಂತೆ 300 ಗಂಟೆಗೆ 90,000. ಸಾಮಗ್ರಿ ಮತ್ತು ಹೊರಗಿನ ಪ್ಲೇಟಿಂಗಿಗೆ 40,000. ಉಳಿಯುವ ಲಾಭ 20,000. ಹಳೆಯ ಪುಟ್ಟಿಯನ್ನು ಕೆರೆದ ಮೇಲೆ ಹೊಸ್ತಿಲು ಕೊಳೆತಿರುವುದು ಕಂಡು 120 ಗಂಟೆ ಹೆಚ್ಚಾದರೆ ಹೆಚ್ಚುವರಿ ವೆಚ್ಚ 36,000. ಲಾಭ ಹೋಗಿ 16,000 ರೂಪಾಯಿ ನಷ್ಟ ನಿಲ್ಲುತ್ತದೆ. ನೋಂದಾಯಿತ ಗ್ಯಾರೇಜು ಆ ಮೊತ್ತವನ್ನು ತೆರಿಗೆಯೂ ಸೇರಿ ಎಂದು ಒಪ್ಪಿಕೊಂಡಿದ್ದರೆ, ಶೇ. 18ರ ಜಿಎಸ್‌ಟಿಯಂತೆ ಇನ್ನೂ 22,881 ರೂಪಾಯಿ ಅದರೊಳಗಿಂದಲೇ ತೆರಿಗೆಯ ಲೆಕ್ಕಕ್ಕೆ ಹೋಗಬೇಕು. ನಷ್ಟಕ್ಕೆ ಸಿಲುಕಿದ ಗ್ಯಾರೇಜು ಕಾರನ್ನು ಮೂಲೆಗೆ ತಳ್ಳಿ ಬೇರೆ ಕೆಲಸ ಹಿಡಿಯುತ್ತದೆ; ಮಾಲೀಕ ತಿಂಗಳುಗಟ್ಟಲೆ ಅಲೆಯುತ್ತಾನೆ. ಇಬ್ಬರೂ ಅಪ್ರಾಮಾಣಿಕರಲ್ಲ, ಅಂದಾಜೇ ಅಪ್ರಾಮಾಣಿಕವಾಗಿತ್ತು.

ಪರಿಹಾರ ಹಂತಹಂತದ ಅಂದಾಜು. ಮೊದಲ ಹಂತ ಕಳಚುವಿಕೆ, ಪಟ್ಟಿ ತಯಾರಿ ಮತ್ತು ತಪಾಸಣೆ ಮಾತ್ರ. ಅದಕ್ಕೆ ಪ್ರತ್ಯೇಕ ಶುಲ್ಕ. ಕಳಚಿದ ಪ್ರತಿ ಪಟ್ಟಿ, ಕ್ಲಿಪ್ಪು, ಲಾಂಛನಕ್ಕೆ ಸಂಖ್ಯೆ ಕೊಟ್ಟು, ಛಾಯಾಚಿತ್ರ ತೆಗೆದು, ಮಾಲೀಕನ ಸಹಿ ಪಡೆಯಬೇಕು. ಎರಡನೆಯದು ತಗಡು ಮತ್ತು ಹೊಂದಿಕೆ, ಮೂರನೆಯದು ಬಣ್ಣ, ನಾಲ್ಕನೆಯದು ಹೊಳಪು ಮತ್ತು ಅಂತಿಮ ಜೋಡಣೆ. ಇದು ಮಾಲೀಕನ ಜೇಬಿಗೆ ಮಿತಿಯಿಲ್ಲದೆ ಕೈ ಹಾಕುವ ಉಪಾಯವೆಂಬ ಆಕ್ಷೇಪವಿದೆ. ಆಕ್ಷೇಪ ನಿರಾಧಾರವೇನಲ್ಲ. ಆದ್ದರಿಂದಲೇ ಪ್ರತಿ ಹಂತಕ್ಕೂ ಗರಿಷ್ಠ ಮೊತ್ತವನ್ನು ನಮೂದಿಸಿ, ಹಂತದ ಕೊನೆಯಲ್ಲಿ ಲೆಕ್ಕ ಚುಕ್ತಾ ಮಾಡಿ ಕಾರನ್ನು ಒಯ್ಯುವ ಸ್ವಾತಂತ್ರ್ಯವನ್ನು ಮಾಲೀಕನಿಗೆ ಬರವಣಿಗೆಯಲ್ಲಿ ಕೊಡಬೇಕು. ದರ ಬೇರೆಬೇರೆಯಾದೀತೆಂದು ಕೂಲಿ ಮತ್ತು ಬಿಡಿಭಾಗಗಳನ್ನು ಬಿಲ್ಲಿನಲ್ಲಿ ವಿಂಗಡಿಸಲು ಹಿಂಜರಿಯುವ ಕಾರಣವೂ ಈಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ದರವೂ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ.

ಕಾನೂನು ಹೇಳುವುದೇನು?

ದುರಸ್ತಿಗೆಂದು ಒಪ್ಪಿಸಿದ ಕಾರು 1872ರ ಭಾರತೀಯ ಒಪ್ಪಂದ ಕಾಯಿದೆಯ ಪ್ರಕಾರ ಗ್ಯಾರೇಜಿನ ವಶದಲ್ಲಿರುವ ನಿಕ್ಷೇಪ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕೆಂದು 151ನೆಯ ಕಲಮು ಹೇಳುತ್ತದೆ. ಕಳೆದುಹೋದ ಒಂದು ಹಿಡಿಕೆಗೂ ಈ ಹೊಣೆ ಅನ್ವಯಿಸುತ್ತದೆ. ಪ್ರತಿಯಾಗಿ 170ನೆಯ ಕಲಮು, ಶ್ರಮ ಅಥವಾ ಕೌಶಲ ವ್ಯಯಿಸಿ ಕೆಲಸ ಮುಗಿಸಿದವನಿಗೆ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕನ್ನು ಕೊಡುತ್ತದೆ. ಆದರೆ ಅದೇ ಕಲಮಿನ ದೃಷ್ಟಾಂತದಲ್ಲಿರುವಂತೆ, ಕೋಟು ಹೊಲಿದು ಮೂರು ತಿಂಗಳ ಸಾಲ ಕೊಡಲು ಒಪ್ಪಿದ ದರ್ಜಿಗೆ ಕೋಟನ್ನು ತಡೆಹಿಡಿಯುವ ಹಕ್ಕಿಲ್ಲ. ಹಣ ಆಮೇಲೆ ಕೊಡಿ ಎಂದು ಸೌಜನ್ಯಕ್ಕೆ ಬರೆದುಕೊಡುವ ಗ್ಯಾರೇಜು ಮಾಲೀಕರು ಈ ದರ್ಜಿಯನ್ನು ನೆನಪಿನಲ್ಲಿಡುವುದು ಒಳಿತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯೂ ಇಲ್ಲಿ ಪ್ರಸ್ತುತ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಆದರೆ ಛಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬ ಷರತ್ತಿದೆ. ಮೂಲ ತಗಡನ್ನು ಉಳಿಸಿ ದುರಸ್ತಿ ಮಾಡಿರುವುದಕ್ಕೆ ಹಂತಹಂತದ ಛಾಯಾಚಿತ್ರ ಮತ್ತು ಬಿಲ್ಲುಗಳಿಗಿಂತ ಉತ್ತಮ ಸಾಕ್ಷ್ಯ ಬೇರಿಲ್ಲ. ಮಾರ್ಕ್ 1ರ ಅಂಬಾಸಿಡರಿಗೆ ಮಾರ್ಕ್ 3ರ ಗ್ರಿಲ್ ಕೂರಿಸಿ ಅಸಲಿ ಎಂದು ಬಿಲ್ಲು ಬರೆಯುವ ಅಭ್ಯಾಸವಂತೂ ಕೂಡಲೇ ನಿಲ್ಲಬೇಕು.

ಸಣ್ಣ ತಯಾರಕರ ಪಾತ್ರ

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರ್, ತಗಡು ಮತ್ತು ಲೇಪನದ ಸಾಮರ್ಥ್ಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಬೇಡಿಕೆಯನ್ನು ಒಗ್ಗೂಡಿಸುವವರದ್ದು. ಬೀಡಿಂಗಿಗೆ ಒಮ್ಮೆ ಅಚ್ಚು ಮಾಡಿಸಿದರೆ ನೂರಾರು ಮೀಟರ್ ತೆಗೆದಾಗ ಮಾತ್ರ ದರ ಹೊಂದುತ್ತದೆ. ಒಬ್ಬ ಮಾಲೀಕನಿಗೆ ಬೇಕಾದದ್ದು ಕೆಲವು ಮೀಟರ್ ಮಾತ್ರ. ಹತ್ತಿಪ್ಪತ್ತು ಗ್ಯಾರೇಜುಗಳ ಬೇಡಿಕೆಯನ್ನು ಒಟ್ಟುಗೂಡಿಸಿ, ಮುಂಗಡ ಪಡೆದು ತಯಾರಕನಿಗೆ ಒಪ್ಪಿಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳು ಸುಲಭವಾಗಿ ನಿರ್ವಹಿಸಬಲ್ಲವು. ಕ್ರೋಮ್ ಪ್ಲೇಟಿಂಗ್ ಮಾತ್ರ ಎಚ್ಚರದಿಂದ ಕೈಹಾಕಬೇಕಾದ ಕ್ಷೇತ್ರ. ಅದರ ತ್ಯಾಜ್ಯ ವಿಷಕಾರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಮತ್ತು ತ್ಯಾಜ್ಯಜಲ ಸಂಸ್ಕರಣೆಯ ವೆಚ್ಚವನ್ನು ಸೇರಿಸದ ದರ ನಿಜವಾದ ದರವಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಕೈಗಳದ್ದು. ಇಂದಿನ ಗ್ಯಾರೇಜುಗಳಲ್ಲಿ ಜಜ್ಜಿದ ಭಾಗವನ್ನು ತೆಗೆದು ಹೊಸದನ್ನು ಕೂರಿಸುವುದೇ ಕ್ರಮ. ವಿಮೆಯೂ ಅದಕ್ಕೆ ಹಣ ಕೊಡುತ್ತದೆ. ಸುತ್ತಿಗೆ ಮತ್ತು ಒತ್ತುಗಟ್ಟಿಯಿಂದ ತಗಡಿನ ವಕ್ರತೆಯನ್ನು ಮರಳಿ ತರಬಲ್ಲ ಟಿಂಕರುಗಳಿಗೆ ವಯಸ್ಸಾಗುತ್ತಿದೆ. ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ತರಬೇತಿ ನೀಡುವ ಘಟಕಗಳಿಗೆ, 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯ ಮೂಲಕ ಭತ್ಯೆಯ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಒಬ್ಬ ಹಿರಿಯ ಟಿಂಕರಿನ ಬಳಿ ಇಬ್ಬರು ಹುಡುಗರನ್ನು ಎರಡು ವರ್ಷ ನಿಲ್ಲಿಸುವ ಗ್ಯಾರೇಜು ಮುಂದಿನ ಇಪ್ಪತ್ತು ವರ್ಷಗಳ ಬಂಡವಾಳವನ್ನು ಕೂಡಿಟ್ಟಂತೆ. ಆ ಬಂಡವಾಳ ಯಾವ ಆಸ್ತಿ-ಹೊಣೆ ಪಟ್ಟಿಯಲ್ಲೂ ಕಾಣಿಸುವುದಿಲ್ಲ ಎಂಬುದು ಬೇರೆ ಮಾತು.

ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನಾಗಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನಾಗಲಿ ನೋಡಿ ಬರುವವರಿಗೆ ಹಳೆಯ ಕಾರಿನ ಬಗ್ಗೆ ಈ ನಾಡಿನಲ್ಲಿರುವ ಆಸಕ್ತಿಯನ್ನು ಬೇರೆ ವಿವರಿಸಬೇಕಿಲ್ಲ. ಆಸಕ್ತಿಯನ್ನು ವ್ಯವಹಾರವಾಗಿಸಲು ಬೇಕಾದದ್ದು ದೊಡ್ಡ ಬಂಡವಾಳವಲ್ಲ. ಸಂಖ್ಯೆ ಹಾಕಿದ ಬಿಡಿಭಾಗಗಳ ಪಟ್ಟಿ, ಹಂತದ ಅಂದಾಜು, ವಿಂಗಡಿಸಿದ ಬಿಲ್ಲು ಮತ್ತು ಹೊಳಪಿಗೆ ಕೈಹಾಕುವ ಮುನ್ನ ಹೊಂದಿಕೆಯನ್ನು ಮುಗಿಸುವ ತಾಳ್ಮೆ. ಈ ನಾಲ್ಕನ್ನು ರೂಢಿಸಿಕೊಂಡ ಗ್ಯಾರೇಜಿಗೆ ಗಿರಾಕಿ ತಾನಾಗಿಯೇ ಮತ್ತೊಬ್ಬ ಗಿರಾಕಿಯನ್ನು ಕರೆತರುತ್ತಾನೆ.