99% ನೋಡಿ ಮೋಸ ಹೋಗೋದು ಬೇಡ

ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿಯಲ್ಲಿ ‘ಎಐ ಬಳಸಿ ಪಿಸಿಬಿ ದೋಷ ಪತ್ತೆ’ ಒಂದಾದರೂ ಇರುತ್ತೆ. ರಿಪೋರ್ಟಲ್ಲಿ 99% ಆಕ್ಯುರಸಿ! ಆದರೆ 1000 ಸೋಲ್ಡರ್ ಜಾಯಿಂಟ್‌ಗಳಲ್ಲಿ 10 ಮಾತ್ರ ಕೆಟ್ಟಿದ್ದರೆ, ಕಣ್ಣು ಮುಚ್ಚಿಕೊಂಡು ‘ಎಲ್ಲಾ ಸರಿ’ ಅಂದರೂ 99% ಬರುತ್ತೆ. ಆ ಹತ್ತೂ ಗ್ರಾಹಕರ ಮನೆ ಸೇರುತ್ತವೆ.

ಆಟೋಮೇಟೆಡ್ ಆಪ್ಟಿಕಲ್ ಇನ್‌ಸ್ಪೆಕ್ಷನ್, ಅಂದರೆ ಎಒಐನ ಹಳೆಯ ವಿಧಾನ ಸರಳ: ಸರಿಯಿರುವ ‘ಗೋಲ್ಡನ್ ಬೋರ್ಡ್’ ಚಿತ್ರದ ಜೊತೆ ಹೋಲಿಸೋದು. ಕಾಂಪೊನೆಂಟ್ ಬಿಟ್ಟುಹೋಗಿದ್ದರೆ ತಕ್ಷಣ ಸಿಗುತ್ತೆ. ಆದರೆ ಬೆಳಕು ಸ್ವಲ್ಪ ಬದಲಾದರೂ, ಬೇರೆ ಕಂಪನಿಯ ಕೆಪಾಸಿಟರ್ ಬಣ್ಣ ಬೇರೆಯಿದ್ದರೂ ‘ದೋಷ’ ಅಂತ ಕೂಗಬಹುದು. ಡೀಪ್ ಲರ್ನಿಂಗ್ ಇಂಥ ವ್ಯತ್ಯಾಸಗಳನ್ನು ಕಲಿತು ಸುಳ್ಳು ಎಚ್ಚರಿಕೆ ಕಡಿಮೆ ಮಾಡಬಲ್ಲದು, ನಿಜ.

ಆದರೆ ನೇರ ಮೇಲಿನಿಂದ ತೆಗೆದ ಫೋಟೋದಲ್ಲಿ ಎತ್ತರದ ಅಳತೆಯೇ ಇರಲ್ಲ. ಪ್ಯಾಡಿನಿಂದ ಕೂದಲೆಳೆಯಷ್ಟು ಎದ್ದ ಐಸಿ ಕಾಲನ್ನು ಹಿಡಿಯೋದು ಎಂಥ ಮಾಡೆಲ್‌ಗೂ ಕಷ್ಟ. ಪಟ್ಟೆಪಟ್ಟೆ ಬೆಳಕು ಬೀರಿ, ಪಟ್ಟೆ ಎಷ್ಟು ಸರಿಯಿತು ಅಂತ ನೋಡಿ ಎತ್ತರ ಲೆಕ್ಕಹಾಕುವ 3ಡಿ ಎಒಐ ಅದಕ್ಕೆ ಬೇಕು. ಬಿಜಿಎ ಚಿಪ್‌ನ ಅಡಿಯ ಸೋಲ್ಡರ್‌ಗಂತೂ ಎಕ್ಸ್‌ರೇನೇ ಗತಿ.

ಹಾಗಾಗಿ ನಾವು ಹೇಳೋದಿಷ್ಟೇ: ಮೊದಲು ಬೆಳಕು, ಕ್ಯಾಮೆರಾ, ಆಮೇಲೆ ಮಾಡೆಲ್. ರಿಪೋರ್ಟಲ್ಲಿ ಎರಡು ಸಂಖ್ಯೆ ಬರೆಯೋಣ. ಎಷ್ಟು ದೋಷ ತಪ್ಪಿಸಿಕೊಂಡವು? ಸರಿಯಿದ್ದ ಎಷ್ಟನ್ನು ಕೆಟ್ಟದ್ದು ಅಂದೆವು? ಎರಡನೆಯದೂ ಸಣ್ಣ ತಪ್ಪಲ್ಲ. ದಿನವಿಡೀ ‘ತೋಳ ಬಂತು ತೋಳ’ ಕೇಳಿ ಬೇಸತ್ತ ಆಪರೇಟರ್, ನಿಜವಾದ ತೋಳ ಬಂದಾಗಲೂ ‘ಓಕೆ’ ಒತ್ತಿಬಿಡ್ತಾರೆ.